ಎಂಟನೇ ತರಗತಿಯ ಸೋರುವ ಮಾಡು ಮತ್ತು ಆನ್‌ಲೈನ್ ದುಡ್ಡು

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಎಂಟನೇ ತರಗತಿಯ ಕೋಣೆ ಸೋರುವ ವಿಷಯ ಮಕ್ಕಳು ನಿಮಗೆ ಹೇಳಿಯೇ ಇರುತ್ತಾರೆ. ಪ್ರತಿ ವರ್ಷ ಒಡೆದ ಹಂಚು ಬದಲಿಸಿ ಸಾಕಾಗಿದೆ. ಈ ಸಲ ಆಚಾರಿಯವರು ಹತ್ತಿ ನೋಡಿ, ಹಂಚು ಹೊತ್ತ ಮರಗಳಾದ ಪಕಾಸು, ರೀಪು ಎರಡಕ್ಕೂ ಗೆದ್ದಲು ಹಿಡಿದಿದೆ, ಇಡೀ ಮಾಡು ಇಳಿಸಿ ಹೊಸದಾಗಿ ಕಟ್ಟಬೇಕು ಎಂದರು. ಪಕ್ಕದ ಕೋಣೆಯೂ ಸೇರಿ ಅಂದಾಜು 6 ಲಕ್ಷ. ನಮ್ಮದು ಅನುದಾನಿತ ಶಾಲೆ. ಶಿಕ್ಷಕರ ಸಂಬಳ ಸರ್ಕಾರದ್ದು, ಕಟ್ಟಡದ ಖರ್ಚು ಟ್ರಸ್ಟಿನದು. ಹಾಗಾಗಿ ಹಳೆ ವಿದ್ಯಾರ್ಥಿಗಳ ಹತ್ತಿರ, ಊರಿನವರ ಹತ್ತಿರ, ನಿಮ್ಮ ಹತ್ತಿರ ಆನ್‌ಲೈನ್‌ನಲ್ಲಿ ಸಹಾಯ ಕೇಳೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಎಲ್ಲಿ, ಹೇಗೆ ಅನ್ನುವುದು ನನ್ನ ತಲೆಗೆ ಬಂತು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ವಾರ್ಷಿಕೋತ್ಸವದ ದುಡ್ಡನ್ನು ನನ್ನ ಸ್ವಂತ ಫೋನ್ ನಂಬರಿಗೇ ಹಾಕಿಸಿಕೊಂಡೆ. ಸುಲಭ ಅಲ್ವಾ ಅಂತ. ಒಂದು ತಿಂಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪೋಷಕರು ಸಿಕ್ಕಿ, "ಮೇಷ್ಟ್ರೇ, ನಾನು ಹಾಕಿದ ಐನೂರು ಬಂತಾ?" ಎಂದು ಕೇಳಿದರು. ಅಲ್ಲೇ ನಿಂತು ಫೋನ್ ತಿರುವಿದೆ. ಹಾಲಿನ ದುಡ್ಡು, ಗ್ಯಾಸಿನ ದುಡ್ಡು, ಅಳಿಯ ಕಳಿಸಿದ್ದು, ಎಲ್ಲದರ ನಡುವೆ ಅವರ ಐನೂರು. ಅದೂ ಅವರ ಹೆಸರಿನಲ್ಲಿರಲಿಲ್ಲ, ಮಗಳ ಹೆಸರಿನಲ್ಲಿತ್ತು. ಸಿಗುವಷ್ಟರಲ್ಲಿ ಅವರ ಬಸ್ ಹೋಯಿತು. ಅವರಿಗೆ ನನ್ನ ಮೇಲೆ ಅನುಮಾನ ಇರಲಿಲ್ಲ. ಆದರೆ ಅನುಮಾನ ಪಡಬೇಕು ಅನಿಸಿದ್ದರೆ ತೋರಿಸೋಕೆ ನನ್ನ ಹತ್ತಿರ ಒಂದು ರಸೀದಿಯೂ ಇರಲಿಲ್ಲ.

ಹಾಗಾಗಿ ಈ ಸಲ ಹುಡುಕುವಾಗ ಕಮಿಷನ್ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳಿದ್ದು ಇದು: ದುಡ್ಡು ನೇರವಾಗಿ ಯಾರ ಖಾತೆಗೆ ಬೀಳುತ್ತದೆ, ಯಾವತ್ತು ಬೀಳುತ್ತದೆ, ಕೊಟ್ಟವರ ಕೈಗೆ ಏನು ಸಿಗುತ್ತದೆ?

ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ ನೋಡಿದೆವು. 2021ರಲ್ಲಿ ಹೊಸ ರೂಪದಲ್ಲಿ ಬಂದಿದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೇ ಮಾಡಿದ್ದು. ಅಲ್ಲಿ ನಗದು ಇಲ್ಲ. ಫ್ಯಾನು, ಕಂಪ್ಯೂಟರು, ಇಲ್ಲವೇ ಬಂದು ಪಾಠ ಹೇಳುವ ಸಮಯ ಕೊಡಬಹುದು. ಅದಕ್ಕೂ ಹೆಸರು ಹಾಕುತ್ತೇವೆ, ಆದರೆ ಮಾಡಿನ ಕೆಲಸದ ಕೂಲಿ ಅದರಲ್ಲಿ ಹುಟ್ಟುವುದಿಲ್ಲ.

ಆಮೇಲೆ ದೇಣಿಗೆ ಸಂಗ್ರಹಿಸುವ ಖಾಸಗಿ ವೆಬ್‌ಸೈಟುಗಳು. ಒಂದರಲ್ಲಿ ಪರೀಕ್ಷೆಗೆಂದು ನಾನೇ ಬೇರೆ ಯಾರದೋ ಪುಟಕ್ಕೆ 1000 ರೂಪಾಯಿ ಹಾಕಲು ಹೋದೆ. ಆ ವೆಬ್‌ಸೈಟಿನ ಹೆಸರು ಬೇಡ. "ಶುಲ್ಕ ಸೊನ್ನೆ" ಎಂದು ದಪ್ಪ ಅಕ್ಷರದಲ್ಲಿತ್ತು. ಕೊನೆಯ ಪರದೆಯಲ್ಲಿ ನೋಡಿದರೆ ಮೊತ್ತ 1000ಕ್ಕಿಂತ ಜಾಸ್ತಿ. ನಾನು ಕೇಳದೇನೇ ವೆಬ್‌ಸೈಟಿನವರಿಗೆಂದು "ಟಿಪ್" ಸೇರಿಕೊಂಡಿತ್ತು. ತೆಗೆಯಬಹುದು, ಆದರೆ ಎಲ್ಲಿ ಒತ್ತಬೇಕು ಎಂದು ಕನ್ನಡಕ ಹಾಕಿಕೊಂಡೂ ಹುಡುಕಬೇಕಾಯಿತು. ಪೂರ್ತಿ ಇಂಗ್ಲಿಷ್ ಬೇರೆ. ನಮ್ಮ ಅಜ್ಜಿಯಂದಿರು ಮೊಮ್ಮಕ್ಕಳ ಶಾಲೆಗೆಂದು ನೂರು ರೂಪಾಯಿ ಹಾಕುವಾಗ ಹೀಗಾಗುವುದು ನನಗೆ ಇಷ್ಟವಿಲ್ಲ.

ಮರುದಿನ ಅವರ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಪಾಪ, ಒಳ್ಳೆಯ ಹುಡುಗನೇ. "ಸರ್, ಬಿಲ್ಡಿಂಗ್ ಫೋಟೋಗೆ ಜನ ದುಡ್ಡು ಕೊಡಲ್ಲ. ಕ್ಲಾಸಲ್ಲಿ ಕೊಡೆ ಹಿಡಿದು ಕೂತಿರೋ ಹುಡುಗಿ ಫೋಟೋ ಇದ್ರೆ ಕಳಿಸಿ. ಮುಖ ಸ್ವಲ್ಪ ಸಪ್ಪೆ ಇರಲಿ" ಎಂದ. ನಮ್ಮ ಮಕ್ಕಳು ಸೋರುವ ಕಡೆ ಬಕೆಟ್ ಇಟ್ಟು, ಹನಿ ಬೀಳುವ ತಾಳಕ್ಕೆ ಮಗ್ಗಿ ಹೇಳುತ್ತಾರೆ. ಅವರನ್ನು ಸಪ್ಪೆ ಮುಖ ಮಾಡಿಸಿ ಕೂರಿಸುವುದು ನನ್ನಿಂದ ಆಗುವ ಕೆಲಸವಲ್ಲ. ನಾವು ಹಂಚುವುದು ಗೆದ್ದಲು ತಿಂದ ಪಕಾಸಿನ ಫೋಟೋ, ಆಚಾರಿಯವರ ಅಂದಾಜು ಪಟ್ಟಿ, ಇಷ್ಟೇ. ಯಾವ ಮಗುವಿನ ಮುಖವೂ ಇರುವುದಿಲ್ಲ.

ಯೋಚನೆ ಮಾಡಿ ನೋಡಿದರೆ, ಆ ಪುಟಗಳಿಗೆ ಅಪರಿಚಿತರು ಬರುವುದು ಹೆಚ್ಚಾಗಿ ಆಸ್ಪತ್ರೆ ಖರ್ಚಿನಂಥ ಕಷ್ಟ ನೋಡಿ. ನಮ್ಮ ಮಾಡಿಗೆ ಕೊಡುವವರು ಈ ಕೋಣೆಯಲ್ಲಿ ಕೂತು ಓದಿದವರು. ಅವರಿಗೆ ಸುದ್ದಿ ಮುಟ್ಟಿಸುವವರು ಹೇಗೂ ನಾವೇ, ನಮ್ಮದೇ ವಾಟ್ಸಾಪಿನಲ್ಲಿ. ಮತ್ತೆ ನಡುವೆ ಇನ್ನೊಬ್ಬರು ಯಾಕೆ?

ಹಾಗಾಗಿ ಎರಡು ದಾರಿ ಇಟ್ಟುಕೊಂಡಿದ್ದೇವೆ. ಒಂದು, ಟ್ರಸ್ಟಿನ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡ್. 2020ರ ಜನವರಿಯಿಂದ ಇಂಥ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕವನ್ನು ಸರ್ಕಾರ ತೆಗೆದಿದೆ, ಬ್ಯಾಂಕ್ ಖಾತೆಯಿಂದ ಹಾಕಿದ ನೂರು ನೂರಾಗಿಯೇ ಬರುತ್ತದೆ. ಇನ್ನೊಂದು, ಕಾರ್ಡಿನಲ್ಲೇ ಕೊಡುತ್ತೇವೆ ಅನ್ನುವವರಿಗೆ ಟ್ರಸ್ಟಿನ ಹೆಸರಿನ ಪೇಮೆಂಟ್ ಲಿಂಕ್. ಅದಕ್ಕೆ ಶೇ. 2 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 1000ಕ್ಕೆ 23 ರೂಪಾಯಿ 60 ಪೈಸೆ ಹೋಗುತ್ತದೆ. ಆರು ಲಕ್ಷವೂ ಅದರಲ್ಲೇ ಬಂದರೆ 14,160 ಹೋದಂತೆ. ಆದಷ್ಟು ಮೊದಲನೆಯದನ್ನೇ ಬಳಸಿ.

ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಟ್ರಸ್ಟಿನ ಹೆಸರು ಬರಬೇಕು. ಬೇರೆ ಯಾರ ಹೆಸರು ಬಂದರೂ, ನನ್ನ ಹೆಸರೇ ಬಂದರೂ, ನಿಲ್ಲಿಸಿ ಶಾಲೆಗೆ ಫೋನ್ ಮಾಡಿ. ಕೋಡ್ ಈ ಪತ್ರದ ಹಿಂಭಾಗದಲ್ಲಿದೆ, ಆಫೀಸಿನ ಗೋಡೆಯಲ್ಲಿದೆ. ಫಾರ್ವರ್ಡ್ ಆಗಿ ಬಂದದ್ದನ್ನು ನಂಬಬೇಡಿ.

ಹೊರದೇಶದಲ್ಲಿರುವ ಮಕ್ಕಳು, ತಮ್ಮಂದಿರು ಇದ್ದರೆ ಇದನ್ನು ಅವರಿಗೆ ತಿಳಿಸಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಬ್ಯಾಂಕ್ ಮೂಲಕ ಧಾರಾಳವಾಗಿ ಕಳಿಸಬಹುದು, ಪಾಸ್‌ಪೋರ್ಟಿನ ಒಂದು ಪ್ರತಿ ಕೊಟ್ಟರೆ ಸಾಕು. ಬೇರೆ ದೇಶದ ಪೌರತ್ವ ತೆಗೆದುಕೊಂಡವರಿಂದ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ನಾವು ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ನಮ್ಮ ಟ್ರಸ್ಟಿಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ ಎನ್ನಿ. ಊರಿಗೆ ಬಂದಾಗ ಮಕ್ಕಳ ಜೊತೆ ಒಂದು ಗಂಟೆ ಕಳೆಯಲಿ.

ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ನೋಂದಣಿ (80ಜಿ) ಟ್ರಸ್ಟಿಗೆ ಇದೆ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದರ ಉಪಯೋಗ. ಪ್ಯಾನ್ ನಂಬರ್ ಕೊಡಬೇಕು. 2000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ "ಡೊನೇಷನ್" ಅಂದರೆ ಸೀಟಿಗೆ ಕೊಡುವ ದುಡ್ಡು ಅನ್ನುವ ಅರ್ಥ ಬಂದುಬಿಟ್ಟಿದೆ. ಅದನ್ನು ರಾಜ್ಯದ ಕಾಯ್ದೆ 1984ರಲ್ಲೇ ನಿಷೇಧಿಸಿದೆ. ಇದು ಅದಲ್ಲ. ಫೀಸೂ ಅಲ್ಲ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ತರಗತಿಯಲ್ಲಿ ಒಂದು ಮಾತೂ ಬರುವುದಿಲ್ಲ. ಬಂದರೆ ನೇರ ನನ್ನ ಹತ್ತಿರ ಬನ್ನಿ.

ಹಳೆ ವಿದ್ಯಾರ್ಥಿ ಸಂಘದ ಹುಡುಗರಿಗೆ ನನ್ನ ತೀರ್ಮಾನ ಪೂರ್ತಿ ಒಪ್ಪಿಗೆಯಿಲ್ಲ. ವೆಬ್‌ಸೈಟಾದರೆ ಎಷ್ಟು ಬಂತು ಎಂದು ಎಲ್ಲರಿಗೂ ಕಾಣುತ್ತದೆ ಎನ್ನುತ್ತಾರೆ. ಅವರ ಮಾತೂ ನಿಜ. ಅದಕ್ಕೆ ಆಫೀಸಿನ ಹೊರಗೆ ಒಂದು ಕಪ್ಪು ಹಲಗೆ ಇಡುತ್ತೇವೆ: ಬಂದದ್ದು, ಖರ್ಚಾದದ್ದು, ಉಳಿದದ್ದು. ಪ್ರತಿ ಶುಕ್ರವಾರ ಸಂಜೆ ಗುಮಾಸ್ತರು ಬರೆಯುತ್ತಾರೆ, ಅದರ ಫೋಟೋ ಗ್ರೂಪಿಗೆ ಬರುತ್ತದೆ.

ಶನಿವಾರ ಮಧ್ಯಾಹ್ನ 12 ಗಂಟೆಗೆ ಎಂಟನೇ ತರಗತಿಯ ಕೋಣೆಯಲ್ಲೇ ಸಭೆ ಇಟ್ಟಿದ್ದೇವೆ, ಬನ್ನಿ. ಮಳೆ ಬಂದರೆ ಕಿಟಕಿ ಕಡೆಯ ಎರಡು ಬೆಂಚು ಬಿಟ್ಟು ಕೂತುಕೊಳ್ಳಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ