ನಿನ್ನ ಹಾಡಿನ ಪಟ್ಟಿಗೆ ದೊಡ್ಡಮ್ಮನ ಉತ್ತರ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ನೀನು ಕಳಿಸಿದ ಇಪ್ಪತ್ತು ಹಾಡುಗಳ ಪಟ್ಟಿ ಸಿಕ್ಕಿತು. ಓದಿದೆ. ಆಮೇಲೆ ಒಂದೊಂದೇ ಹಾಡು ಹಾಕಿಕೊಂಡು, ಪಟ್ಟಿ ಎದುರಿಗಿಟ್ಟುಕೊಂಡು ಕೇಳಿದೆ. ಈ ಕಾಲದ ಹುಡುಗಿ ಕೂತು ಹಳೇ ಕನ್ನಡ ಚಿತ್ರಗೀತೆಗಳಿಗೆ ಒಂದು, ಎರಡು, ಮೂರು ಅಂತ ಸ್ಥಾನ ಕೊಟ್ಟಿದ್ದಾಳೆ ಅನ್ನುವುದೇ ನನಗೆ ದೊಡ್ಡ ಖುಷಿ.

‘ಸರಿಯಾಗಿದೆಯಾ ನೋಡಿ ಹೇಳಿ’ ಅಂತ ಕೇಳಿದ್ದೀಯ. ಇಷ್ಟದ ಹಾಡುಗಳ ಪಟ್ಟಿಯಲ್ಲಿ ಸರಿ ಏನು ಬಂತು, ತಪ್ಪು ಏನು ಬಂತು? ಆದರೆ ಪಟ್ಟಿ ನಿನ್ನದಾ, ಬೇರೆಯವರದಾ ಅಂತ ಕೇಳಬಹುದು ಅಲ್ವಾ? ನಿನ್ನ ಇಪ್ಪತ್ತರಲ್ಲಿ ಹತ್ತು ಹನ್ನೆರಡು ನಿನ್ನವೇ ಅನ್ನಿಸಿತು. ಉಳಿದವು ಯಾರೋ ಹೊಗಳಿದರು ಅಂತ ಒಳಗೆ ಬಂದ ಹಾಗಿವೆ.

ಮೊದಲನೇ ಸ್ಥಾನವನ್ನೇ ನೋಡು. ‘ನಾದಮಯ ಈ ಲೋಕವೆಲ್ಲಾ’ ಇಟ್ಟಿದ್ದೀಯ. ಪಕ್ಕದಲ್ಲಿ ಕಾರಣ ಬರೆದಿದ್ದೀಯ: ‘ನ್ಯಾಷನಲ್ ಅವಾರ್ಡ್’. ಹೌದು, 1992ರ ‘ಜೀವನ ಚೈತ್ರ’ದ ಆ ಹಾಡಿಗೆ ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅರವತ್ತು ದಾಟಿದ ಮೇಲೆ ಅಂಥ ಹಾಡನ್ನು ಅಷ್ಟು ಧೈರ್ಯವಾಗಿ ಹಾಡುವುದು ಸಣ್ಣ ಮಾತಲ್ಲ. ನನ್ನ ಪಟ್ಟಿಯಲ್ಲೂ ಅದಕ್ಕೆ ಜಾಗ ಇದೆ. ಆದರೆ ಪ್ರಶಸ್ತಿ ಬಂದಿದ್ದು ಹಾಡಿದವರಿಗೆ. ನಿನಗೆ ಏನು ಬಂತು ಅನ್ನುವುದನ್ನು ನೀನು ಬರೆದಿಲ್ಲ. ಎಷ್ಟನೇ ನಿಮಿಷದಲ್ಲಿ ಮೈ ಜುಮ್ಮೆಂದಿತು? ಯಾವ ಸಾಲಿಗೆ ಕೆಲಸ ಬಿಟ್ಟು ಸುಮ್ಮನೆ ನಿಂತೆ? ಅದು ಗೊತ್ತಾದ ದಿನ ಮೊದಲನೇ ಸ್ಥಾನ ಕೊಡು, ನಾನು ಬೇಡ ಅನ್ನುವುದಿಲ್ಲ.

ನನ್ನದೊಂದು ಪರೀಕ್ಷೆ ಇದೆ, ನೀನೂ ಮಾಡಿ ನೋಡು. ಹಾಡಿನ ಎರಡನೇ ಚರಣ ನಿನಗೆ ಬರುತ್ತಾ? ಫೋನ್ ನೋಡದೆ, ಮನಸ್ಸಿನಲ್ಲೇ ಗುನುಗಿಕೋ. ಪಲ್ಲವಿ ಎಲ್ಲರಿಗೂ ಬರುತ್ತದೆ. ಅದು ದಾರಿಯಲ್ಲಿ, ರಿಂಗ್‌ಟೋನಿನಲ್ಲಿ ಕಿವಿಗೆ ಬಿದ್ದೇ ಬಿದ್ದಿರುತ್ತದೆ. ಎರಡನೇ ಚರಣ ನೀನಾಗಿ ಕೂತು ಕೇಳಿದರೆ ಮಾತ್ರ ಬರುತ್ತದೆ. ಈ ಪರೀಕ್ಷೆಯಲ್ಲಿ ನಿನ್ನ ಇಪ್ಪತ್ತರಲ್ಲಿ ಎಷ್ಟು ಉಳಿಯುತ್ತವೋ ನೋಡು. ಉಳಿದದ್ದು ಆರೇ ಆದರೂ ಪರವಾಗಿಲ್ಲ. ಆ ಆರು ನಿನ್ನವು.

ಹಾಡುಗಳಿಗೆ ಸ್ಥಾನ ಕೊಡುವ ಆಟ ಹೊಸದೇನಲ್ಲ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತಮಾಲಾ ಅನ್ನುವ ಸಿನಿಮಾ ಹಾಡುಗಳ ಕಾರ್ಯಕ್ರಮ ಶುರುವಾಯಿತು. ಆಗ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಿತ್ತು. ಹಾಗಾಗಿ ಜನ ಸಿಲೋನ್ ಕಡೆ ಮುಳ್ಳು ತಿರುಗಿಸುತ್ತಿದ್ದರು. ಅಮೀನ್ ಸಯಾನಿ ಅವರ ದನಿಯಲ್ಲಿ ಹಿಂದಿ ಹಾಡುಗಳು ವಾರವಾರ ಮೆಟ್ಟಿಲು ಹತ್ತುತ್ತಿದ್ದವು, ಇಳಿಯುತ್ತಿದ್ದವು. ರೆಕಾರ್ಡ್ ಎಷ್ಟು ಮಾರಾಟವಾಯಿತು, ಕೇಳುಗರು ಏನು ಬರೆದರು ಅಂತ ನೋಡಿ ಸ್ಥಾನ ಕೊಡುತ್ತಿದ್ದರು. ಅದು ಊರೆಲ್ಲ ಸೇರಿ ಮಾಡಿದ ಲೆಕ್ಕ. ಈಗಿನ ‘ಟ್ರೆಂಡಿಂಗ್’ ಪಟ್ಟಿಯೂ ಅದೇ ಜಾತಿ. ನಿನ್ನ ಪಟ್ಟಿಯಲ್ಲಿ ಮತ ಹಾಕುವವಳು ನೀನೊಬ್ಬಳೇ. ಅದಕ್ಕೇ ಅಲ್ಲಿ ಬೇರೆಯವರ ಮತ ಸೇರಿಸಬೇಡ ಅನ್ನುತ್ತೇನೆ.

‘ಹಾಡನ್ನು ಸುಮ್ನೆ ಕೇಳಿದರೆ ಸಾಲದಾ, ಸ್ಥಾನ ಯಾಕೆ ಕೊಡಬೇಕು’ ಅಂತ ನಿಮ್ಮಪ್ಪ ನಕ್ಕರಂತೆ. ನಾನು ನಿನ್ನ ಪಕ್ಷ. ಎರಡು ಒಳ್ಳೇ ಹಾಡು ಎದುರಿಗಿಟ್ಟುಕೊಂಡು ಒಂದನ್ನು ಕೆಳಗೆ ಇಡಬೇಕು ಅಂದರೆ ಎರಡನ್ನೂ ಪೂರ್ತಿ ಕೇಳಲೇಬೇಕು. ಮುಂಚೆ ಬರೀ ‘ಚೆನ್ನಾಗಿದೆ’ ಅನ್ನುತ್ತಿದ್ದವಳು ಆಗ ‘ಯಾಕೆ ಚೆನ್ನಾಗಿದೆ’ ಅಂತ ಯೋಚಿಸುತ್ತೀಯ. ಪಟ್ಟಿಯಿಂದ ಸಿಗುವ ಲಾಭ ಇದೇ. ಅಂಕಿ ಆಮೇಲೆ ಬದಲಾದರೂ ಕಿವಿಗೆ ಬಂದ ಆ ಅಭ್ಯಾಸ ಹೋಗುವುದಿಲ್ಲ.

ಈಗ ನನ್ನ ಪಟ್ಟಿ ಹೇಳುತ್ತೇನೆ, ಎಲ್ಲವನ್ನೂ ಅಲ್ಲ.

ನನ್ನ ಮೊದಲನೆಯದು ‘ಕರೆದರೂ ಕೇಳದೆ’. 1977ರ ‘ಸನಾದಿ ಅಪ್ಪಣ್ಣ’. ಎಸ್. ಜಾನಕಿ ಅವರ ದನಿ, ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ನಿನ್ನ ಪಟ್ಟಿಯಲ್ಲಿ ಇದು ಹದಿನಾಲ್ಕನೇ ಸ್ಥಾನದಲ್ಲಿದೆ. ನನಗೆ ಕೋಪ ಇಲ್ಲ, ಆದರೆ ಮತ್ತೊಮ್ಮೆ ಕೇಳು. ಹೆಡ್‌ಫೋನ್ ಹಾಕಿಕೋ, ಬೇರೆ ಏನನ್ನೂ ಮಾಡಬೇಡ. ಜಾನಕಿ ಸಾಲನ್ನು ಎಲ್ಲಿ ಬಿಡುತ್ತಾರೆ ಅಂತ ಗಮನಿಸು. ಅವರು ಬಿಟ್ಟ ಜಾಗದಿಂದಲೇ ಶಹನಾಯಿ ಎತ್ತಿಕೊಳ್ಳುತ್ತದೆ. ಹಾಡುಗಾರ್ತಿಗೂ ಉಸಿರೇ ಬಂಡವಾಳ, ಶಹನಾಯಿಗೂ ಉಸಿರೇ ಬಂಡವಾಳ. ಹಾಗಾಗಿ ಎರಡೂ ಒಂದೇ ಮನುಷ್ಯನ ಎರಡು ದನಿಯ ಹಾಗೆ ಕೇಳಿಸುತ್ತವೆ. ಅಷ್ಟು ದೊಡ್ಡ ವಿದ್ವಾಂಸರ ಎದುರು ಸಿನಿಮಾ ಹಾಡಿನ ಗಾಯಕಿ ಒಂದು ಎಳೆಯೂ ಸಡಿಲ ಬಿಡದೆ ನಿಲ್ಲುತ್ತಾರೆ. ಆ ವಾದ್ಯವನ್ನು ಗೆಲ್ಲಲು ಹೋಗುವುದಿಲ್ಲ, ಅದರ ಜೊತೆ ಮಾತಾಡುತ್ತಾರೆ. ಕರೆಯುವುದು, ಉತ್ತರಕ್ಕೆ ಕಾಯುವುದು, ಮತ್ತೆ ಕರೆಯುವುದು. ಹಾಡಿನ ಮಾತಿನಲ್ಲಿ ಇರುವುದೇ ಅದರ ಸ್ವರದಲ್ಲೂ ನಡೆಯುತ್ತದೆ. ಇಂಥದ್ದು ಅಪರೂಪ ಪುಟ್ಟಿ. ಅದಕ್ಕೇ ಈ ಹಾಡನ್ನು ಮೊದಲನೇ ಜಾಗದಿಂದ ಇಳಿಸಲು ನನಗೆ ಮನಸ್ಸಾಗಿಲ್ಲ.

ಎರಡನೆಯದು ‘ಆಡಿಸಿ ನೋಡು ಬೀಳಿಸಿ ನೋಡು’. 1971ರ ‘ಕಸ್ತೂರಿ ನಿವಾಸ’. ನೀನೂ ಇದನ್ನು ಮೂರರಲ್ಲಿ ಇಟ್ಟಿದ್ದೀಯ, ಸಂತೋಷ. ಆದರೆ ಅರ್ಧ ಹಾಡು ಮಾತ್ರ ಇಟ್ಟಿದ್ದೀಯ. ಅದೇ ಸಿನಿಮಾದಲ್ಲಿ ಮುಂದೆ ‘ಆಡಿಸಿದಾತ ಬೇಸರ ಮೂಡಿ’ ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳು. ಮೊದಲನೆಯದು ಬಿದ್ದರೂ ಎದ್ದು ನಿಲ್ಲುವ ಗೊಂಬೆಯ ಹಾಡು. ಅಲ್ಲಿ ನಗು ಇದೆ, ನಡಿಗೆ ಇದೆ. ಎರಡನೆಯದು ಆ ನಡಿಗೆಯೇ ನಿಂತುಹೋದ ಮೇಲಿನ ಹಾಡು. ಚಿ. ಉದಯಶಂಕರ್ ಎರಡಕ್ಕೂ ಅದೇ ಗೊಂಬೆಯನ್ನು, ಅದೇ ಆಟವನ್ನು ಇಟ್ಟುಕೊಂಡು ಬರೆದರು. ಮೊದಲನೆಯದನ್ನು ಹಾಡಿದವರು ಪಿ.ಬಿ. ಶ್ರೀನಿವಾಸ್. ಎರಡನೆಯದು ದುಃಖದ ಹಾಡಾದರೂ ಗಾಯಕರು ಬಿಕ್ಕುವುದಿಲ್ಲ. ದನಿಯನ್ನು ಸ್ವಲ್ಪ ತಗ್ಗಿಸುತ್ತಾರೆ, ಅಷ್ಟೇ. ಅಳುವ ಕೆಲಸವನ್ನು ಕೇಳುವವರಿಗೆ ಬಿಡುತ್ತಾರೆ. ದುಃಖದ ಹಾಡಿನಲ್ಲಿ ಗಾಯಕ ಜಾಸ್ತಿ ಅತ್ತರೆ ನಮಗೆ ಅಳು ಬರುವುದಿಲ್ಲ. ಬೇರೆ ಹಾಡುಗಳಲ್ಲೂ ಇದನ್ನು ಗಮನಿಸು.

ಪಿ.ಬಿ. ಶ್ರೀನಿವಾಸ್ ಹೆಸರು ಬಂತಲ್ಲ, ಒಂದು ಮಾತು ಹೇಳಲೇಬೇಕು. ನಿನ್ನ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ನಾಯಕನ ಹೆಸರು ಮಾತ್ರ ಇದೆ. ‘ಬಾಡಿ ಹೋದ ಬಳ್ಳಿಯಿಂದ’ ಎದುರಿಗೆ ‘ರಾಜ್‌ಕುಮಾರ್’ ಅಂತ ಬರೆದಿದ್ದೀಯ. 1974ರ ‘ಎರಡು ಕನಸು’ ಸಿನಿಮಾದ ಆ ಹಾಡಿನಲ್ಲಿ ತೆರೆಯ ಮೇಲೆ ತುಟಿ ರಾಜ್‌ಕುಮಾರ್ ಅವರದು, ದನಿ ಪಿ.ಬಿ.ಎಸ್. ಅವರದು. ಸಂಗೀತ ರಾಜನ್-ನಾಗೇಂದ್ರ ಅಣ್ಣತಮ್ಮಂದಿರದು. ರಾಜ್‌ಕುಮಾರ್ ಮುಂಚೆಯೂ ಹಾಡಿದ್ದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಜಾನಕಿ ಜೊತೆ ‘ತುಂಬಿತು ಮನವ’ ಇದೆಯಲ್ಲ, ಅದು ಅವರದ್ದೇ ದನಿ. ಆದರೆ 1974ರಲ್ಲೇ ಬಂದ ‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ’ ಜನರಿಗೆ ಹುಚ್ಚು ಹಿಡಿಸಿದ ಮೇಲೆ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಅವರ ಮುಖಕ್ಕೆ ದನಿಯಾಗಿದ್ದವರು ಬಹುಪಾಲು ಪಿ.ಬಿ.ಎಸ್. ಒಬ್ಬ ಮನುಷ್ಯ ತನ್ನ ದನಿಯನ್ನು ಇನ್ನೊಬ್ಬರ ಮುಖಕ್ಕೆ ಅಷ್ಟು ಒಗ್ಗಿಸಿದ್ದಾರೆ ಅಂದರೆ, ನಾವು ಕನಿಷ್ಠ ಅವರ ಹೆಸರನ್ನಾದರೂ ಬರೆಯಬೇಕು ಅಲ್ವಾ?

ಹಾಗಾಗಿ ಪಟ್ಟಿಯಲ್ಲಿ ಇನ್ನೂ ಮೂರು ಕಾಲಂ ಹಾಕು. ಹಾಡಿದವರು, ಬರೆದವರು, ಸಂಗೀತ ಕೊಟ್ಟವರು. ಇದನ್ನು ತುಂಬುತ್ತಾ ಹೋದ ಹಾಗೆ ನಿನಗೇ ದಾರಿ ಕಾಣುತ್ತದೆ. ನಿನಗೆ ‘ಗೀತಾ’ ಸಿನಿಮಾದ ‘ಜೊತೆಯಲಿ ಜೊತೆ ಜೊತೆಯಲಿ’ ತುಂಬಾ ಇಷ್ಟ ಅಂತ ಗೊತ್ತು. 1981ರದ್ದು, ಇಳಯರಾಜ ಅವರ ಸಂಗೀತ. ಅವರು ಮೊದಲು ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಕೆಲಸ ಮಾಡಿದವರು. ಅಂದರೆ ನಿನ್ನ ಇಷ್ಟದ ಹಾಡಿಗೂ ನನ್ನ ಮೊದಲನೇ ಹಾಡಿಗೂ ನಡುವೆ ಒಂದು ಗುರುಮನೆಯ ನಂಟಿದೆ. ನಾಯಕರ ಹೆಸರು ಹಿಡಿದು ಹೊರಟರೆ ಈ ನಂಟು ಸಿಗುವುದಿಲ್ಲ.

ಬರೆದವರ ಕಾಲಂ ತುಂಬುವಾಗ ಬೇಂದ್ರೆಯವರ ಹೆಸರು ಬಂದರೆ ಅಲ್ಲಿ ಸ್ವಲ್ಪ ನಿಲ್ಲು. ‘ಯುಗ ಯುಗಾದಿ ಕಳೆದರೂ’ 1963ರ ‘ಕುಲವಧು’ವಿನಲ್ಲಿ ಬಂತು. ‘ಮೂಡಲ ಮನೆಯ’ 1967ರ ‘ಬೆಳ್ಳಿ ಮೋಡ’ದಲ್ಲಿ ಬಂತು. ಎರಡೂ ಸಿನಿಮಾಕ್ಕೆ ಅಂತ ಬರೆದವಲ್ಲ, ಮೊದಲೇ ಇದ್ದ ಕವಿತೆಗಳು. ನನ್ನ ಪಟ್ಟಿಯಲ್ಲಿ ‘ಮೂಡಲ ಮನೆಯ’ ಮೂರನೆಯದು. ಬೆಳಗಾಗುವುದನ್ನು ಅಷ್ಟು ಕಣ್ಣಿಗೆ ಕಟ್ಟುವ ಹಾಗೆ ಹೇಳಿದ ಇನ್ನೊಂದು ಹಾಡು ನನಗೆ ಗೊತ್ತಿಲ್ಲ. ವಿಜಯಭಾಸ್ಕರ್ ಅವರ ಸಂಗೀತ ಎಲ್ಲೂ ಮಾತಿನ ಮೇಲೆ ಹತ್ತಿ ಕೂರುವುದಿಲ್ಲ. ನಿನ್ನ ಪಟ್ಟಿಯಲ್ಲಿ ಇದು ಇಲ್ಲ. ಕೇಳಿಲ್ಲವೋ, ಕೇಳಿಯೂ ಬಿಟ್ಟೆಯೋ? ಕೇಳಿ ಬಿಟ್ಟಿದ್ದರೆ ನನ್ನ ತಕರಾರಿಲ್ಲ.

ನಾಲ್ಕು ‘ತೇರಾ ಏರಿ ಅಂಬರದಾಗೆ’. 1978ರ ‘ಪರಸಂಗದ ಗೆಂಡೆತಿಮ್ಮ’ ಸಿನಿಮಾದ್ದು. ದೊಡ್ಡರಂಗೇಗೌಡರ ಹಳ್ಳಿ ಮಾತನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಬಾಯಲ್ಲಿ ಕೇಳುವುದೇ ಚೆಂದ. ಐದು ‘ಕಾಡು ಕುದುರೆ ಓಡಿ ಬಂದಿತ್ತಾ’. ಅದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆ. ಆದರೆ ನಾನು ಇಟ್ಟಿದ್ದು ಆ ಬಿಚ್ಚು ಗಂಟಲಿಗೆ. ಆರು ‘ಬಾನಲ್ಲು ನೀನೆ’, ಏಳು ‘ಎಂದೆಂದೂ ನಿನ್ನನು ಮರೆತು’. ಇವೆರಡರ ನಡುವೆ ನನಗೆ ವಾರಕ್ಕೊಂದು ತೀರ್ಮಾನ. ‘ನಾದಮಯ’ ಒಂಬತ್ತರಲ್ಲಿದೆ.

ಒಂದು ಎಚ್ಚರಿಕೆ. ಹಳೇದೆಲ್ಲ ಚಿನ್ನ ಅಂತ ಹೇಳುವವರ ಮಾತು ನಂಬಬೇಡ. ಆ ಕಾಲದಲ್ಲೂ ಸಪ್ಪೆ ಹಾಡುಗಳು ರಾಶಿ ಬಂದವು. ಹಿಂದಿ ಟ್ಯೂನಿಗೆ ಕನ್ನಡ ಪದ ತುರುಕಿದವೂ ಇದ್ದವು. ಅವು ಮರೆತುಹೋದವು, ಒಳ್ಳೆಯವು ಉಳಿದವು. ಹಾಗಾಗಿ ಹಳೆಯದೆಲ್ಲ ಒಳ್ಳೆಯದು ಅನ್ನಿಸುತ್ತದೆ. ನಿನ್ನ ಪಟ್ಟಿಯಲ್ಲಿ ಈಚಿನ ಮೂರು ಹಾಡುಗಳಿದ್ದವು. ಅವುಗಳ ಪಕ್ಕದಲ್ಲಿ ‘ನಗಬೇಡಿ’ ಅಂತ ಬರೆದಿದ್ದೀಯ. ನಗುವುದು ಯಾಕೆ? ಅವು ಎರಡನೇ ಚರಣದ ಪರೀಕ್ಷೆ ಪಾಸಾದರೆ ನಾಚಿಕೆ ಇಲ್ಲದೆ ಮೇಲಕ್ಕೆ ತಾ.

ಆದರೂ ಹಳೇ ಹಾಡಿನಿಂದ ಕಲಿಯುವುದು ಒಂದಿದೆ. 78 ಆರ್‌ಪಿಎಂ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಸ್ವಲ್ಪ ಹೆಚ್ಚು. ಹಾಡು ಉದ್ದವಾದರೆ ರೆಕಾರ್ಡ್ ಮಗುಚಿ ಹಾಕಬೇಕಿತ್ತು. ಅಷ್ಟರೊಳಗೆ ಪಲ್ಲವಿ, ಚರಣ, ನಡುವಿನ ವಾದ್ಯ ಎಲ್ಲ ಮುಗಿಯಬೇಕು. ಅದಕ್ಕೇ ಐವತ್ತು ಅರವತ್ತರ ದಶಕದ ಒಳ್ಳೇ ಹಾಡುಗಳಲ್ಲಿ ಕೊಳಲಿನ ಒಂದು ತುಣುಕೂ ದಂಡ ಅನ್ನಿಸುವುದಿಲ್ಲ. ನೀನು ನಡುವಿನ ವಾದ್ಯ ಬಂದಾಗ ಮುಂದಕ್ಕೆ ಓಡಿಸುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ದಯವಿಟ್ಟು ಹಾಗೆ ಮಾಡಬೇಡ. ಚರಣಕ್ಕೆ ಮನಸ್ಸು ಹದ ಮಾಡುವುದೇ ಆ ವಾದ್ಯ. ಹಾಗೆಯೇ ಇಷ್ಟವಾದ ಹಾಡನ್ನು ದಿನವಿಡೀ ತಿರುಗಿ ತಿರುಗಿ ಹಾಕಿ ಸವೆಸಬೇಡ. ನಡುವೆ ಕೆಲವು ದಿನ ಬಿಡು. ಬಿಟ್ಟಾಗ ಯಾವ ಹಾಡು ತಾನಾಗಿ ನೆನಪಾಗುತ್ತದೋ ಅದಕ್ಕೆ ಒಂದು ಸ್ಥಾನ ಮೇಲೆ ಕೊಡಬಹುದು.

ಪಟ್ಟಿಗೆ ತಾರೀಕು ಹಾಕಿಡು. ಮುಂದಿನ ವರ್ಷ ಇನ್ನೊಂದು ಮಾಡು, ಹಳೆಯದನ್ನು ಹರಿಯಬೇಡ. ಮತ್ತೆ, ಗೆಳತಿಯರ ಪಟ್ಟಿ ನೋಡಿ ‘ಇದೂ ಒಂದು ಹಾಡಾ’ ಅಂತ ಮಾತ್ರ ಅನ್ನಬೇಡ. ಯಾವ ಸಾಲು ಇಷ್ಟ ಅಂತ ಕೇಳು. ಅವರು ಹೇಳುವಾಗ ನಿನಗೂ ಆ ಸಾಲು ಹೊಸದಾಗಿ ಕೇಳಿಸುತ್ತದೆ.

ಕೊನೆಗೆ ಒಂದು ಕೊರತೆ. ನಿನ್ನ ಇಪ್ಪತ್ತರಲ್ಲಿ ಪಿ. ಸುಶೀಲ ಒಂದೂ ಇಲ್ಲ. 1957ರ ‘ರತ್ನಗಿರಿ ರಹಸ್ಯ’ದ ‘ಅಮರ ಮಧುರ ಪ್ರೇಮ’ ಕೇಳು. ಟಿ.ಜಿ. ಲಿಂಗಪ್ಪ ಅವರ ಸಂಗೀತ. ರಾತ್ರಿ ಕೇಳಿದರೆ ಇನ್ನೂ ಒಳ್ಳೆಯದು. ನನ್ನ ಎಂಟನೆಯದು ಅದೇ. ಕೇಳಿದ ಮೇಲೆ ಯಾವುದನ್ನು ಕೆಳಗಿಳಿಸಿ ಅದಕ್ಕೆ ಜಾಗ ಮಾಡಿದೆ, ಯಾಕೆ ಮಾಡಿದೆ ಅಂತ ನನಗೆ ಬರಿ. ಜಾಗ ಕೊಡದಿದ್ದರೂ ಬರಿ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ