ಸ್ಮಾರಕದ ಕಲ್ಲಿನಲ್ಲಿ ಶಾಂತಿಯ ಮಾತಿಗೂ ಜಾಗ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಬಸ್ ಸ್ಟ್ಯಾಂಡ್ ಹತ್ತಿರದ ಸರ್ಕಲ್‌ನಲ್ಲಿ ಕಟ್ಟಲು ಹೊರಟಿರುವ ಯೋಧರ ಸ್ಮಾರಕದ ಬಗ್ಗೆ ಬರೆಯುತ್ತಿದ್ದೇನೆ. ಹಳೇ ಟ್ಯಾಂಕ್ ಒಂದನ್ನು ತರಿಸಿ ನಿಲ್ಲಿಸಿ ಅಂತ ಕೆಲವರು. ಪಾರಿವಾಳ ಇರಲಿ, 'ಯುದ್ಧ ಬೇಡ' ಅನ್ನುವ ಸಾಲು ಇರಲಿ ಅಂತ ಇನ್ನು ಕೆಲವರು. ಸಭೆಯಲ್ಲಿ ಮಾತು ಎಲ್ಲಿಗೆ ಹೋಯಿತು ಅಂತ ನೀವೇ ಕಣ್ಣಾರೆ ನೋಡಿದ್ದೀರಿ. ಪಾರಿವಾಳ ಕೇಳಿದವರು ದೇಶದ್ರೋಹಿಗಳಾದರು. ಟ್ಯಾಂಕ್ ಕೇಳಿದವರು ಯುದ್ಧದ ಹುಚ್ಚರಾದರು. ಎರಡೂ ಸುಳ್ಳು. ಆ ಕಡೆಯವರೂ ಈ ಕಡೆಯವರೂ ನಮ್ಮ ಜೊತೆಗೇ ಸಂತೆಗೆ ಬರುವ ಜನ, ಅವರು ಎಂಥವರು ಅಂತ ನಮಗೆ ಗೊತ್ತಿದೆ.

ಅದೇ ಸಭೆಯಲ್ಲಿ ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮ ಚಿಕ್ಕಮ್ಮ ಕೂತಿದ್ದರು. ಚಿಕ್ಕಪ್ಪ ಶ್ರೀಲಂಕಾಗೆ ಹೋದ ಭಾರತದ ಶಾಂತಿಪಾಲನಾ ಪಡೆಯಲ್ಲಿದ್ದವರು. 1987ರಿಂದ 1990ರವರೆಗೆ ಅಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಪ್ರಾಣ ಬಿಟ್ಟರು. ಚಿಕ್ಕಪ್ಪನೂ ವಾಪಸ್ ಬರಲಿಲ್ಲ. ಸಭೆ ಮುಗಿಯುವ ತನಕ ಮೈಕ್ ಚಿಕ್ಕಮ್ಮನ ಕೈಗೆ ಬರಲೇ ಇಲ್ಲ. ಮನೆಗೆ ಬಂದ ಮೇಲೆ ಅವರು ಕೇಳಿದ್ದು ಇಷ್ಟೇ: "ಹೆಸರನ್ನಾದ್ರೂ ಸರಿಯಾಗಿ ಕೆತ್ತಿಸ್ತಾರೇನೇ?" ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಚಿಕ್ಕಪ್ಪನ ಇನಿಷಿಯಲ್ ತಪ್ಪಾಗಿತ್ತು. ಫೋಟೋ ಕೆಳಗೆ 'ಕಾರ್ಗಿಲ್ ವೀರ' ಅಂತ ಬೇರೆ ಹಾಕಿದ್ದರು. ಕಾರ್ಗಿಲ್ ಯುದ್ಧ ನಡೆದಿದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಚಿಕ್ಕಮ್ಮ ಒಬ್ಬರೇ ಮಕ್ಕಳನ್ನು ಹೈಸ್ಕೂಲಿಗೆ ಸೇರಿಸಿಯಾಗಿತ್ತು.

ಯಾರ ನೆನಪಿಗೆ ಇಷ್ಟೆಲ್ಲ ಕೂಗಾಡುತ್ತಿದ್ದೇವೋ ಅವರ ಹೆಸರನ್ನೇ ಯಾರೂ ಸರಿಯಾಗಿ ವಿಚಾರಿಸಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಇದಕ್ಕೆ.

ಇಂಥ ಜಗಳ ಬೇರೆ ಕಡೆಯೂ ಆಗಿದೆ. ಬ್ರಿಟನ್‌ನಲ್ಲಿ ಪ್ರತಿ ನವೆಂಬರ್ ಬಂತೆಂದರೆ ಜನ ಎದೆಯ ಮೇಲೆ ಕೆಂಪು ಪಾಪಿ ಹೂವು ಸಿಕ್ಕಿಸಿಕೊಳ್ಳುತ್ತಾರೆ. ನಮ್ಮ ಗಸಗಸೆ ಗಿಡದ ಜಾತಿಗೇ ಸೇರಿದ ಹೂವು ಅದು. 1921ರಿಂದ ನಡೆದು ಬಂದಿರುವ ಪದ್ಧತಿ, ಮಾರಾಟದ ದುಡ್ಡು ಮಾಜಿ ಸೈನಿಕರಿಗೂ ಅವರ ಕುಟುಂಬಗಳಿಗೂ ಹೋಗುತ್ತದೆ. 1933ರಲ್ಲಿ ಅಲ್ಲಿನ ಸಹಕಾರಿ ಮಹಿಳಾ ಸಂಘದವರು ಬಿಳಿ ಪಾಪಿ ಶುರು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡವರು ಆ ಹೆಂಗಸರಲ್ಲಿ ಬಹಳ ಮಂದಿ ಇದ್ದರು. ಸತ್ತವರೆಲ್ಲರನ್ನೂ ನೆನೆಯೋಣ, ಇನ್ನೊಂದು ಯುದ್ಧ ಬೇಡ ಅನ್ನೋಣ ಅಂತ ಅವರ ಆಸೆ. ಅದಕ್ಕೂ ಬೈಗುಳ ತಪ್ಪಲಿಲ್ಲ. 1986ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಪಾರ್ಲಿಮೆಂಟಿನಲ್ಲೇ ಅದನ್ನು ಖಂಡಿಸಿದರು. ಆದರೆ ಕೆಂಪು ಹೂವು ಮಾರುವ ಮಾಜಿ ಸೈನಿಕರ ಸಂಸ್ಥೆ ಹೇಳುವುದು, ಯಾವ ಹೂವು ಹಾಕಿಕೊಳ್ಳಬೇಕು ಅನ್ನುವುದು ಅವರವರ ಇಷ್ಟ ಅಂತ.

ಅಷ್ಟು ದೂರ ಯಾಕೆ, ದೆಹಲಿಯನ್ನೇ ನೋಡಿ. 1972ರಿಂದ ಇಂಡಿಯಾ ಗೇಟ್ ಕೆಳಗೆ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯ ಜೊತೆ ಸೇರಿಸಿದಾಗ ಮಾಜಿ ಸೈನಿಕರಲ್ಲೇ ಎರಡು ಅಭಿಪ್ರಾಯ ಇತ್ತು. ಅವರಲ್ಲಿ ಯಾರ ದೇಶಭಕ್ತಿ ಕಮ್ಮಿ ಅಂತ ಹೇಳೋಕಾಗುತ್ತಾ?

ನಮ್ಮ ಹಾಸನ ಜಿಲ್ಲೆಗಂತೂ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕೆರೆ ಏರಿ ಮೇಲೆ, ಗುಡಿ ಪಕ್ಕದಲ್ಲಿ ಎಷ್ಟು ವೀರಗಲ್ಲುಗಳಿವೆ ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಎಷ್ಟೋ ಕಲ್ಲುಗಳು ರಾಜನ ಯುದ್ಧದವಲ್ಲ, ಊರಿನ ದನ ಬಿಡಿಸಲು ಹೋಗಿ ಸತ್ತವರವು. ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಬಾಹುಬಲಿ ನಿಂತಿದ್ದಾನೆ. ಅಣ್ಣ ಭರತನನ್ನು ಸೋಲಿಸಿಯೂ ರಾಜ್ಯ ಬೇಡವೆಂದು ಹೊರಟವನು. 981ರ ಸುಮಾರಿಗೆ ಆ ಮೂರ್ತಿ ಮಾಡಿಸಿದ ಚಾವುಂಡರಾಯ ಯಾರು? ಗಂಗರ ಸೇನಾಪತಿ. ಯುದ್ಧಗಳನ್ನು ಗೆದ್ದ ಮನುಷ್ಯ, ಗೆದ್ದದ್ದನ್ನು ಬಿಟ್ಟುಕೊಟ್ಟವನನ್ನು ಬೆಟ್ಟದ ಮೇಲೆ ನಿಲ್ಲಿಸಿದ. ಶಾಂತಿ ಬೇಕು ಅಂದರೆ ಯೋಧರಿಗೆ ಅವಮಾನ ಅನ್ನುವವರು ಒಂದು ಸಲ ಆ ಬೆಟ್ಟ ಹತ್ತಿ ಬರಲಿ.

ನನ್ನ ಕೋರಿಕೆ ಹೇಳಿಬಿಡುತ್ತೇನೆ. ಟ್ಯಾಂಕೂ ಬೇಡ, ಸಿಮೆಂಟಿನ ಪಾರಿವಾಳವೂ ಬೇಡ. ನಮ್ಮ ಕಡೆಯದೇ ಒಳ್ಳೆ ಕಲ್ಲು ನಿಲ್ಲಿಸಿ. ಅದರಲ್ಲಿ ತಾಲ್ಲೂಕಿನಿಂದ ಹೋಗಿ ಸತ್ತ ಪ್ರತಿಯೊಬ್ಬರ ಹೆಸರು, ಊರು, ರೆಜಿಮೆಂಟ್, ವರ್ಷ ಇರಲಿ. ಕಾರ್ಗಿಲ್ ಇರಲಿ, 1962, 1965, 1971 ಇರಲಿ, ಶ್ರೀಲಂಕಾ ಇರಲಿ, ಯಾವುದನ್ನೂ ಬಿಡಬೇಡಿ. ನಿಂತುಕೊಂಡೇ ಓದುವ ಎತ್ತರದಲ್ಲಿ ಅಕ್ಷರ ಕೆತ್ತಿಸಿ. ಹೆಸರುಗಳ ಕೆಳಗೆ, ಇನ್ನು ಯಾವ ಮನೆಗೂ ಇಂಥ ಸುದ್ದಿ ಬಾರದಿರಲಿ ಅಂತ ಒಂದೇ ಒಂದು ಸಾಲು ಇರಲಿ. ಆ ಸಾಲಿಗೆ ಸೈನಿಕರ ಮನೆಯವರು ಯಾರಾದರೂ ಬೇಡ ಅಂದರೆ ಅವರ ಜೊತೆ ನಾನೇ ಕೂತು ಮಾತಾಡುತ್ತೇನೆ.

ಎಸ್ಟಿಮೇಟ್‌ಗೆ ಸಹಿ ಹಾಕುವ ಮೊದಲು ಆ ಕುಟುಂಬಗಳನ್ನಷ್ಟೇ ಕರೆದು ಒಂದು ಸಭೆ ಮಾಡಿ. ಫ್ಲೆಕ್ಸ್ ಬೇಡ, ಹಾರ ತುರಾಯಿ ಬೇಡ. ಮೈಕ್ ಮೊದಲು ಅವರಿಗೆ ಕೊಡಿ. ಹೆಸರಿನ ಪಟ್ಟಿ ಓದಿ ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಕಾರ್ಗಿಲ್ ವಿಜಯ ದಿವಸವಾದ ಜುಲೈ 26ರೊಳಗೆ ಉದ್ಘಾಟನೆ ಆಗಲೇಬೇಕು ಅಂತ ಅವಸರ ಮಾಡಬೇಡಿ, ಸರಿಯಾದ ಪಟ್ಟಿಗೆ ಎಷ್ಟು ದಿನ ಹಿಡಿದರೂ ನಾವು ಕಾಯುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
ಹಾಸನ ಜಿಲ್ಲೆ