ಟೈಲ್ಸ್ ಒಡೆಸುವ ಮುನ್ನ ಮೀಟರ್ ನೋಡಿ

ಮಾನ್ಯ ಸಂಪಾದಕರೇ,

ಕಳೆದ ಬೇಸಿಗೆಯಲ್ಲಿ ಕುವೆಂಪುನಗರದ ನಮ್ಮ ಮನೆಯ ನೀರಿನ ಬಳಕೆ, ಮನೆಯಲ್ಲಿ ಒಬ್ಬರೂ ಹೆಚ್ಚಾಗದಿದ್ದರೂ, ತಿಂಗಳಿಗೆ 17 ಯೂನಿಟ್‌ನಿಂದ 23 ಯೂನಿಟ್‌ಗೆ ಏರಿತು. ಒಂದು ಯೂನಿಟ್ ಎಂದರೆ 1,000 ಲೀಟರ್. ಅಂದರೆ ದಿನಕ್ಕೆ ಸುಮಾರು 200 ಲೀಟರ್ ನೀರು ನಮ್ಮ ಕಣ್ಣಿಗೆ ಬೀಳದೆ ಪೋಲಾಗುತ್ತಿತ್ತು. ನಗರಗಳ ನೀರು ಸರಬರಾಜು ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುವುದನ್ನು ನೆನೆದರೆ, ಮನೆಯಲ್ಲಿಲ್ಲದ ಇನ್ನೊಬ್ಬರಿಗೂ ಮೀರಿದ ನೀರು ಮಣ್ಣುಪಾಲಾಗುತ್ತಿತ್ತು. ಕರೆಸಿದ ಪ್ಲಂಬರ್, ಬಚ್ಚಲುಮನೆಯ ಗೋಡೆಯೊಳಗಿನ ಪೈಪು ಸೋರುತ್ತಿರಬಹುದೆಂದು ಊಹಿಸಿ, ಟೈಲ್ಸ್ ಒಡೆಯಬೇಕೆಂದರು. ಮನಸ್ಸು ಒಪ್ಪದೆ, ನೀರು ಸರಬರಾಜು ಕೆಲಸದಲ್ಲಿದ್ದು ನಿವೃತ್ತರಾದ ನೆರೆಮನೆಯ ಹಿರಿಯರನ್ನು ವಿಚಾರಿಸಿದೆವು. ಅವರು ಹೇಳಿಕೊಟ್ಟ ಕ್ರಮದಿಂದ ಎರಡೇ ದಿನಗಳಲ್ಲಿ ಸೋರಿಕೆ ಪತ್ತೆಯಾಯಿತು. ಅದು ಬಚ್ಚಲುಮನೆಯಲ್ಲಿ ಇರಲೇ ಇಲ್ಲ. ಇದೇ ತೊಂದರೆಯಲ್ಲಿರುವ ಇತರರಿಗೆ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯ ನೀರಿನ ದಾರಿಯನ್ನು ಮೀಟರ್‌ನಿಂದ ಸಂಪಿನವರೆಗೆ, ಸಂಪು, ಸಂಪಿನಿಂದ ಓವರ್‌ಹೆಡ್ ಟ್ಯಾಂಕ್ ಮತ್ತು ನಲ್ಲಿಗಳವರೆಗೆ ಎಂದು ಮೂರು ಭಾಗ ಮಾಡಿಕೊಂಡು ಒಂದೊಂದನ್ನೇ ಪರೀಕ್ಷಿಸಬೇಕು ಎಂಬುದು ಅವರ ಮಾತಿನ ಸಾರ. ಮೊದಲನೆಯ ಭಾಗವನ್ನು ನೀರು ಬಿಟ್ಟಿರುವ ಹೊತ್ತಿನಲ್ಲೇ ನೋಡಬೇಕು. ಸಂಪು ತುಂಬಿದಾಗ ತೇಲುವ ಚೆಂಡಿನಿಂದ ತಾನೇ ಮುಚ್ಚಿಕೊಳ್ಳುವ ಬಾಲ್ ವಾಲ್ವ್‌ನ ಚೆಂಡನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ ನೀರು ಬೀಳದಂತೆ ಮಾಡಿ, ನೇರ ಸಂಪರ್ಕದ ಅಂಗಳದ ನಲ್ಲಿಯನ್ನೂ ಬಿಗಿಯಾಗಿ ನಿಲ್ಲಿಸಿ, ಮೀಟರ್‌ನ ಅಂಕಿಗಳ ಪಕ್ಕದಲ್ಲಿರುವ ನಕ್ಷತ್ರದಂಥ ಸಣ್ಣ ಚಕ್ರವನ್ನು ಗಮನಿಸಬೇಕು. ಆಗಲೂ ಅದು ತಿರುಗುತ್ತಿದ್ದರೆ ಮೀಟರ್‌ಗೂ ಸಂಪಿಗೂ ನಡುವೆ ನೀರು ಸೋರುತ್ತಿದೆ ಎಂದೇ ಅರ್ಥ. ನೀರು ಬಂದ ಮೊದಲ ಕೆಲವು ನಿಮಿಷಗಳಲ್ಲಿ ಪೈಪಿನೊಳಗಿನ ಗಾಳಿಯೂ ಮೀಟರನ್ನು ತಿರುಗಿಸಬಲ್ಲುದರಿಂದ, ಹರಿವು ಒಂದೇ ಸಮನಾದ ಮೇಲೆ ನೋಡುವುದು ಒಳ್ಳೆಯದು.

ನಮ್ಮ ಮನೆಯಲ್ಲಿ ಆ ಚಕ್ರ ನಿಲ್ಲಲೇ ಇಲ್ಲ. ಪೋರ್ಟಿಕೋದ ಅಂಚಿನಲ್ಲಿ ಅಗೆಸಿದಾಗ, ಮನೆ ಕಟ್ಟಿಸಿದಾಗ ಹಾಕಿಸಿದ್ದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು. ನೀರು ಬರುವ ಮೂರು ಗಂಟೆ ಮಾತ್ರ ಸೋರಿ ಉಳಿದ ಹೊತ್ತು ಮಣ್ಣಿನೊಳಗೆ ಇಂಗಿಹೋಗುತ್ತಿದ್ದುದರಿಂದ ಅಂಗಳದಲ್ಲಿ ಕೆಸರೂ ಕಾಣಲಿಲ್ಲ. ಸುತ್ತಲಿನ ಹುಲ್ಲೆಲ್ಲ ಚೈತ್ರದ ಬಿಸಿಲಿಗೆ ಒಣಗಿದ್ದಾಗ ಆ ಒಂದು ಮೂಲೆಯ ಗರಿಕೆ ಮಾತ್ರ ಹಸಿರಾಗಿತ್ತು. ಅದು ಅಷ್ಟು ದಿನ ಕಣ್ಣೆದುರಿಗೇ ಇದ್ದ ಗುರುತು.

ಸಂಪನ್ನು ರಾತ್ರಿ ಪರೀಕ್ಷಿಸುವುದು ಸುಲಭ. ನೀರು ಬರದ, ಮೋಟರ್ ಹಾಕದ ರಾತ್ರಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಮಾಡಿ ಬೆಳಗ್ಗೆ ಮತ್ತೆ ಅಳೆದರೆ ಸಾಕು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ 30 ಲೀಟರ್ ಹೋಗಿದೆ. ಮಟ್ಟ ಏರಿದ್ದರೆ ಅದು ಇನ್ನೂ ಕೆಟ್ಟ ಸೂಚನೆ, ಏಕೆಂದರೆ ಹೊರಗಿನ ನೀರು ಬಿರುಕಿನಿಂದ ಒಳಗೆ ಬರುತ್ತಿರಬಹುದು. ಸಂಪಿನ ಹೆಚ್ಚುವರಿ ನೀರಿನ ಪೈಪನ್ನು ನೇರವಾಗಿ ಚರಂಡಿಗೆ ಸೇರಿಸಿದ್ದರೆ, ಕೆಟ್ಟ ಬಾಲ್ ವಾಲ್ವ್‌ನಿಂದ ಪ್ರತಿದಿನ ನೀರು ಹರಿದುಹೋದರೂ ಮನೆಯವರಿಗೆ ತಿಳಿಯುವುದಿಲ್ಲ.

ಓವರ್‌ಹೆಡ್ ಟ್ಯಾಂಕಿಗೂ ಇದೇ ವಿಧಾನ, ಆದರೆ ಎರಡು ರಾತ್ರಿ ಬೇಕು. ಮೊದಲ ರಾತ್ರಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ತೆರೆದಿರಲಿ, ಎರಡನೆಯ ರಾತ್ರಿ ಮುಚ್ಚಿರಲಿ. ತೆರೆದಾಗ ಮಾತ್ರ ಮಟ್ಟ ಇಳಿದರೆ ತಪ್ಪು ಮನೆಯೊಳಗಿನ ಪೈಪಿನಲ್ಲೋ ನಲ್ಲಿಯಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಇದೆ. ಮುಚ್ಚಿದಾಗಲೂ ಇಳಿದರೆ ಟ್ಯಾಂಕನ್ನೇ ನೋಡಬೇಕು. ಫ್ಲಶ್ ಟ್ಯಾಂಕಿನ ಸೋರಿಕೆ ಸದ್ದು ಮಾಡದೆ ಕಮೋಡಿನೊಳಗೆ ಇಳಿಯುವುದರಿಂದ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಗಳನ್ನು ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡದೆ ಇದ್ದು, ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಸವೆದಿದೆ ಎಂದು ತಿಳಿಯಬೇಕು. ಇಷ್ಟೆಲ್ಲ ಆದಮೇಲೂ ಗೋಡೆಯಲ್ಲಿ ಬಣ್ಣ ಚಕ್ಕೆ ಏಳುತ್ತಿದ್ದರೆ, ಬಿಳಿ ಉಪ್ಪಿನ ಪುಡಿ ಕಾಣುತ್ತಿದ್ದರೆ, ಪ್ಲಂಬರ್ ಬಳಿ ಒತ್ತಡದ ಪಂಪಿನಿಂದ ಆ ಗೋಡೆಯ ಪೈಪನ್ನು ಪರೀಕ್ಷೆ ಮಾಡಿಸಿದ ನಂತರವೇ ಸುತ್ತಿಗೆಗೆ ಅನುಮತಿ ಕೊಡುವುದು ಸರಿ.

ಹಣಕ್ಕಿಂತ ದೊಡ್ಡ ಕಾಳಜಿ ಒಂದಿದೆ. ದಿನದ ಕೆಲವು ಗಂಟೆ ಮಾತ್ರ ನೀರು ಬರುವ ಬಡಾವಣೆಗಳಲ್ಲಿ, ನೀರು ನಿಂತು ಪೈಪಿನ ಒತ್ತಡ ಇಳಿದಾಗ ಅದೇ ತೂತಿನಿಂದ ಸುತ್ತಲಿನ ಕೊಳಕು ನೀರು ಒಳಗೆ ಸೇರಬಹುದು. ಯುಜಿಡಿ (ಒಳಚರಂಡಿ) ಕೊಳವೆ ಹತ್ತಿರದಲ್ಲೇ ಹಾದುಹೋಗುವ ಮನೆಗಳಲ್ಲಿ ಸಣ್ಣ ಸೋರಿಕೆಯನ್ನೂ ಕಡೆಗಣಿಸುವಂತಿಲ್ಲ, ಅದರಲ್ಲೂ ಮಕ್ಕಳು ಮತ್ತು ವೃದ್ಧರಿರುವ ಮನೆಗಳಲ್ಲಿ. ಮೈಸೂರಿಗೆ ಬರುವ ನೀರನ್ನು ಹೊಂಗಳ್ಳಿ, ಬೆಳಗೊಳಗಳಲ್ಲಿ ಕಾವೇರಿಯಿಂದಲೂ ಬಿದರಗೋಡಿನಲ್ಲಿ ಕಬಿನಿಯಿಂದಲೂ ವಿದ್ಯುತ್ ಪಂಪುಗಳಿಂದ ಎತ್ತಿ, ಶುದ್ಧೀಕರಿಸಿ ಕಳುಹಿಸುತ್ತಾರೆ. ಅಷ್ಟು ಶ್ರಮ ಪಟ್ಟ ನೀರು ನಮ್ಮ ಗೇಟಿನ ಒಳಗೇ ಮಲಿನವಾಗುವುದನ್ನು ನೋಡಲು ಮನಸ್ಸು ಬರುವುದಿಲ್ಲ.

ನೀರು ಸರಬರಾಜು ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಬಿಲ್ಲಿನಲ್ಲಿ ಈ ತಿಂಗಳ ಬಳಕೆಯ ಜೊತೆಗೆ ಹಿಂದಿನ ಆರು ತಿಂಗಳ ಬಳಕೆಯನ್ನೂ ಮುದ್ರಿಸಿ, ಅದು ಗಮನಾರ್ಹವಾಗಿ ಏರಿದ್ದರೆ ‘ಸೋರಿಕೆ ಪರೀಕ್ಷಿಸಿ’ ಎಂಬ ಒಂದು ಸಾಲನ್ನು ಸೇರಿಸಲಿ. ಹೊಸ ಸಂಪರ್ಕ ಕೊಡುವಾಗ ಸಂಪಿಗೆ ನೀರು ಬೀಳುವ ತುದಿಯಲ್ಲಿ ಒಂದು ವಾಲ್ವ್ ಹಾಕುವುದನ್ನು ಕಡ್ಡಾಯ ಮಾಡಲಿ. ಅದಿಲ್ಲದ ಕಾರಣಕ್ಕೇ ನಾವು ಹಗ್ಗ ಕಟ್ಟಬೇಕಾಯಿತು. ನಿಂತುಹೋದ ಮೀಟರ್‌ಗಳನ್ನು ಬದಲಾಯಿಸುವ ಕೆಲಸವೂ ಬೇಸಿಗೆಗೆ ಮುನ್ನವೇ ಮುಗಿಯಲಿ, ಏಕೆಂದರೆ ತಿರುಗದ ಮೀಟರ್ ಇರುವ ಮನೆಯಲ್ಲಿ ಎಷ್ಟು ನೀರು ಸೋರಿದರೂ ಬಿಲ್ಲಿನಿಂದ ಗೊತ್ತಾಗುವುದಿಲ್ಲ.

ತಮ್ಮ ವಿಶ್ವಾಸಿ,
ಕುವೆಂಪುನಗರದ ಓದುಗ, ಮೈಸೂರು